ಬುಟ್ಟಿಯೊಳಗಿನ ಕೂಸು ಕೇಡಗಾಂವದ ಒಡತಿಯಾದದ್ದು

ಸೋಲಾಪುರದಿಂದ ಪುಣೆ ಕಡೆ ಹೋಗುವ ರೈಲಿನಲ್ಲಿ ಕೂತವರಿಗೆ ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ಸ್ಟೇಶನ್ ಸಿಗುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯಿಂದ ಪುಣೆಗೆ ಕೆಲಸಕ್ಕೆ, ವ್ಯಾಪಾರಕ್ಕೆ, ದವಾಖಾನೆಗೆ ಅಂತ ಹೋಗಿಬರುವ ಎಷ್ಟೋ ಮಂದಿ ಈ ಹೆಸರಿನ ಹಲಗೆ ನೋಡಿರುತ್ತಾರೆ. ಬಹಳಷ್ಟು ಗಾಡಿ ಅಲ್ಲಿ ನಿಲ್ಲುವುದಿಲ್ಲ, ನಮ್ಮ ಮಂದಿಯೂ ಅಲ್ಲಿ ಇಳಿಯುವುದು ಕಡಿಮೆ. ಆದ್ರ ನೂರಾ ಇಪ್ಪತ್ತೈದು ವರ್ಷದ ಹಿಂದೆ ಆ ಊರ ಹೊರಗಿನ ಕಲ್ಲುಭೂಮಿಯಲ್ಲಿ ಒಬ್ಬ ಹೆಣ್ಣುಮಗಳು ಬಾವಿ ತೋಡಿಸಿ, ಗಿಡ ನೆಡಿಸಿ, ಗಾಣ ಹೂಡಿ, ಮಗ್ಗ ಹಾಕಿ, ಛಾಪಖಾನೆ ನಡೆಸಿ ಒಂದೂವರೆ ಸಾವಿರಕ್ಕೂ ಮಿಕ್ಕಿದ ಹೆಂಗಸರಿಗೆ ಕೈಗೆಲಸ ಕಲಿಸಿದಳು ಎಂಬುದು ಗೊತ್ತಿದ್ದವರು ಇನ್ನೂ ಕಡಿಮೆ.

ಆಕೆ ಪಂಡಿತಾ ರಮಾಬಾಯಿ. ಮರಾಠಿಗರು ಆಕೆಯನ್ನು ತಮ್ಮವಳು ಅನ್ನುತ್ತಾರೆ, ಅದು ಖರೆ. ಆದರೆ ಆಕೆ ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಮಲೆನಾಡಿನಲ್ಲಿ. ಬೆಳೆದದ್ದು ದಾರಿಯಲ್ಲಿ, ದುಡಿದದ್ದು ಮರಾಠಿ ನೆಲದಲ್ಲಿ. ಮನೆಯೊಳಗೆ ಒಂದು ಭಾಷೆ, ಬಾಜಾರದಲ್ಲಿ ಇನ್ನೊಂದು ಭಾಷೆ ಆಡುವ ಗಡಿಭಾಗದ ನಮಗೆ ಇಂಥ ಬದುಕು ಹೊಸದೇನಲ್ಲ. ಈಗ ಊರೂರಿಗೂ ಬಚತ್ ಗಟ ಆಗಿವೆ. ಹೆಣ್ಣುಮಕ್ಕಳು ಶೇಂಗಾ ಚಟ್ನಿ, ಹಪ್ಪಳ, ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದಾರೆ. ಸಾಲ ತಗೋಬೇಕೋ ಬ್ಯಾಡೋ, ಹೊಲ ಯಾರ ಹೆಸರಲ್ಲಿ ಇರಬೇಕು, ಮಂದಿ ಏನಂದಾರು ಎಂಬ ಪ್ರಶ್ನೆ ಮನೆಮನೆಯಲ್ಲೂ ಇದೆ. ಈ ಪ್ರಶ್ನೆಗಳನ್ನೆಲ್ಲ ರಮಾಬಾಯಿ ತನ್ನ ಮೈಮೇಲೆ ಅನುಭವಿಸಿ ಉತ್ತರ ಹುಡುಕಿದವಳು. ಅದಕ್ಕಾಗಿಯೇ ಇವತ್ತು ಆಕೆಯ ಬದುಕು.

ಗಂಗಾಮೂಲದ ಮನೆ

ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕಾರ್ಕಳದ ಹತ್ತಿರದ ಮಾಳದ ಚಿತ್ಪಾವನ ಮನೆತನ. ಚಿಕ್ಕಂದಿನಲ್ಲಿ ಪುಣೆಗೆ ಹೋಗಿ ಸಂಸ್ಕೃತ ಓದಿದರು. ಅವರ ಗುರುಗಳು ಪೇಶವೆ ಮನೆತನದ ಹೆಣ್ಣುಮಗಳಿಗೆ ಪಾಠ ಹೇಳುತ್ತಿದ್ದರು. ಅದನ್ನು ಕಂಡ ಹುಡುಗನಿಗೆ ನಾನೂ ನನ್ನ ಹೆಂಡತಿಗೆ ಓದು ಕಲಿಸಬೇಕು ಅಂತ ಮನಸ್ಸಿಗೆ ಬಂತು. ಮೊದಲನೆಯ ಹೆಂಡತಿಯ ಕಾಲದಲ್ಲಿ ಅದು ಆಗಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಗೆ ಹೋದಾಗ ಗೋದಾವರಿಯ ದಂಡೆಯಲ್ಲಿ ಒಬ್ಬ ಯಾತ್ರಿಕನ ಒಂಬತ್ತು ವರ್ಷದ ಮಗಳನ್ನು ಮದುವೆಯಾಗಿ ಬಂದರು. ಆಕೆಯೇ ಲಕ್ಷ್ಮೀಬಾಯಿ. ಆ ಕಾಲದ ರೂಢಿ ಹಾಗಿತ್ತು.

ಹೆಂಡತಿಗೆ ಸಂಸ್ಕೃತ ಕಲಿಸಲು ಶುರು ಮಾಡಿದ್ದೇ ತಡ, ಊರು ತಿರುಗಿಬಿತ್ತು. ಹೆಂಗಸಿಗೆ ಶಾಸ್ತ್ರ ಕಲಿಸಬಹುದೇ ಅಂತ ಪಂಡಿತರು ಕೇಳಿದರು. ಶಾಸ್ತ್ರಿಗಳು ಗ್ರಂಥ ತೆರೆದು ಉತ್ತರ ಕೊಟ್ಟರು. ಕೊನೆಗೆ ಊರ ಸಹವಾಸ ಬ್ಯಾಡ ಅಂತ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನೊಳಗೆ ಮನೆ ಕಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಜಾಗ ಅದು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು.

ಶಾಸ್ತ್ರಿಗಳಿಗೆ ಗದ್ದೆ ಇತ್ತು, ದನಕರು ಇದ್ದವು. ವಿದ್ಯಾರ್ಥಿಗಳು, ಯಾತ್ರಿಕರು, ಅತಿಥಿಗಳು ಬಂದು ಹೋಗುತ್ತಿದ್ದರು. ಬಂದವರಿಗೆಲ್ಲ ಊಟ. ಆದಾಯ ಎಷ್ಟು, ಖರ್ಚು ಎಷ್ಟು ಅಂತ ಬರೆದಿಡುವ ರೂಢಿ ಇಂಥ ಮನೆಗಳಲ್ಲಿ ಎಲ್ಲಿ ಇರುತ್ತದೆ? ಸಾಲ ಬೆಳೆಯಿತು, ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಿದ್ದಾಗ ಇಡೀ ಸಂಸಾರ ಮನೆ ಬಿಟ್ಟು ಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತರು. ಆ ಬುಟ್ಟಿಯಿಂದ ಇಳಿದ ಮೇಲೂ ಆಕೆಯ ನಡಿಗೆ ನಿಲ್ಲಲಿಲ್ಲ.

ಪಾಂಡಿತ್ಯ ಇತ್ತು, ಕಸುಬು ಇರಲಿಲ್ಲ

ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗುವುದು, ಗುಡಿಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಕಾಳು, ಹಣ್ಣು, ಕಾಸಿನಲ್ಲಿ ಬದುಕುವುದು. ಹದಿನೈದು ವರ್ಷ ಹೀಗೇ ನಡೆಯಿತು. ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದಳು. ಹುಡುಗಿಗೆ ಭಾಗವತ ಬಾಯಿಪಾಠ ಆಯಿತು. ದಾರಿಯಲ್ಲಿ ಮರಾಠಿ, ಕನ್ನಡ, ಹಿಂದೂಸ್ಥಾನಿ ತಾನಾಗಿಯೇ ನಾಲಿಗೆಗೆ ಹತ್ತಿದವು. ಮುಂದೆ ಬಂಗಾಲಿ, ಇಂಗ್ಲಿಷ್ ಕೂಡಿದವು.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿತ್ತು. ಬರಗಾಲದಲ್ಲಿ ಪುರಾಣ ಕೇಳುವವರು ಯಾರು? ಮೊದಲು ಒಡವೆ ಮಾರಿದರು, ಆಮೇಲೆ ಪಾತ್ರೆ ಪಗಡೆ, ಆಮೇಲೆ ಒಳ್ಳೆಯ ಅರಿವೆ. ಕೊನೆಗೆ ಕಾಡಿನ ಸೊಪ್ಪು ತಿಂದು ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿ, ಆಮೇಲೆ ಅಕ್ಕ. ಉಳಿದವರು ಹದಿನಾರರ ರಮಾ ಮತ್ತು ಅಣ್ಣ ಶ್ರೀನಿವಾಸ.

ಈ ಸಾವುಗಳ ಬಗ್ಗೆ ರಮಾಬಾಯಿ ಮುಂದೆ ಬರೆದದ್ದರಲ್ಲಿ ಒಂದು ಮಾತು ಬಹಳ ಮುಖ್ಯ. ಮನೆಯಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ. ಆದರೆ ನಾಲ್ಕು ಕಾಸು ದುಡಿಯುವ ಕಸುಬು ಯಾರಿಗೂ ಗೊತ್ತಿರಲಿಲ್ಲ. ಕೂಲಿ ಮಾಡಲು ಜಾತಿಯ ಅಭಿಮಾನ ಅಡ್ಡ ಬಂತು, ಭಿಕ್ಷೆ ಬೇಡಲು ಮಾನ ಅಡ್ಡ ಬಂತು. ಹೀಗಾಗಿ ಶಾಸ್ತ್ರ ಬಲ್ಲ ಸಂಸಾರವೊಂದು ಉಪವಾಸದಿಂದ ಸತ್ತಿತು. ಈ ಪಾಠವನ್ನು ರಮಾಬಾಯಿ ಜೀವ ಇರುವವರೆಗೂ ಮರೆಯಲಿಲ್ಲ. ಆಕೆಯ ಮುಂದಿನ ಎಲ್ಲ ಕೆಲಸದ ಬೇರು ಇಲ್ಲೇ ಇದೆ.

ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೋದರು. ಸಾವಿರಾರು ಮೈಲು ನಡೆದರು. ಪಂಜಾಬಿನ ಝೇಲಮ್ ನದಿ ದಂಡೆಯಲ್ಲಿ ಹೊದೆಯಲು ಕಂಬಳಿ ಇಲ್ಲದೆ ಉಸುಕಿನಲ್ಲಿ ಕುಣಿ ತೋಡಿ, ತಲೆಯೊಂದನ್ನು ಹೊರಗಿಟ್ಟು ಮೈಮೇಲೆ ಉಸುಕು ಎಳಕೊಂಡು ಚಳಿ ಕಳೆದರು. 1878ರಲ್ಲಿ ಕಲಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ನಿನ್ನೆವರೆಗೆ ಹೊಟ್ಟೆಗಿಲ್ಲದೆ ತಿರುಗಿದವಳ ಹೆಸರು ಪತ್ರಿಕೆಗಳಲ್ಲಿ ಬಂತು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಆಕೆ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಲಿ ವಕೀಲನನ್ನು ಜಾತಿ ಮೀರಿ, ಸರಕಾರಿ ಕಾಯ್ದೆ ಪ್ರಕಾರ ಮದುವೆಯಾದಳು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಗಂಡ ಕಾಲರಾದಿಂದ ತೀರಿಹೋದ. ಇಪ್ಪತ್ನಾಲ್ಕು ತುಂಬುವ ಮುಂಚೆ ರಮಾಬಾಯಿ ವಿಧವೆ. ಕಂಕುಳಲ್ಲಿ ವರ್ಷ ತುಂಬದ ಕೂಸು.

ಪುಸ್ತಕ ಮಾರಿ ಹಡಗು ಹತ್ತಿದಳು

ಇಲ್ಲಿಂದ ಮುಂದಿನ ಕತೆಯನ್ನು ನಮ್ಮ ವ್ಯಾಪಾರಿಗಳು ಸ್ವಲ್ಪ ಲಕ್ಷ್ಯಕೊಟ್ಟು ಓದಬೇಕು.

ಆಕೆ ಪುಣೆಗೆ ಬಂದಳು. ನ್ಯಾಯಮೂರ್ತಿ ರಾನಡೆ ಮೊದಲಾದ ಸುಧಾರಕರು ಬರಮಾಡಿಕೊಂಡರು. ಅದೇ 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದಳು. ಶಿಕ್ಷಣದ ಬಗ್ಗೆ ಸರಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟಳು. ಹೆಣ್ಣುಮಕ್ಕಳಿಗೆ ಕಲಿಸಲು ಹೆಣ್ಣು ಶಿಕ್ಷಕಿಯರು ಬೇಕು, ಹೆಂಗಸರ ಚಿಕಿತ್ಸೆಗೆ ಹೆಣ್ಣು ಡಾಕ್ಟರುಗಳು ಬೇಕು ಎಂಬುದು ಅದರ ಸಾರ.

ತಾನೇ ವೈದ್ಯಕೀಯ ಕಲಿಯಬೇಕು, ಅದಕ್ಕಾಗಿ ವಿಲಾಯತಿಗೆ ಹೋಗಬೇಕು ಅನ್ನಿಸಿತು. ರೊಕ್ಕ? ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ತನಗೆ ಗೊತ್ತಿದ್ದದ್ದು ಬರೆಯುವುದು, ಮಾತಾಡುವುದು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದಳು. ಅದು ಮಾರಾಟವಾದ ಹಣದಿಂದ ಹಡಗಿನ ಟಿಕೀಟು ತೆಗೆದಳು. 1883ರಲ್ಲಿ ಕೂಸಿನ ಜೊತೆ ಇಂಗ್ಲೆಂಡಿಗೆ ಹೊರಟಳು. ಕೈಯಲ್ಲಿದ್ದ ವಿದ್ಯೆಯನ್ನೇ ಮೊದಲ ಬಂಡವಾಳ ಮಾಡಿಕೊಂಡದ್ದು ಇದು. ತಂದೆ ಅದೇ ವಿದ್ಯೆ ಹೇಳಿ ಕೊಟ್ಟದ್ದನ್ನು ಪಡೆಯುತ್ತಿದ್ದರು. ಮಗಳು ಅದನ್ನು ಅಚ್ಚು ಹಾಕಿಸಿ ಬೆಲೆ ಕಟ್ಟಿದಳು. ಇಷ್ಟೇ ವ್ಯತ್ಯಾಸ, ಆದರೆ ದೊಡ್ಡ ವ್ಯತ್ಯಾಸ.

ಇಂಗ್ಲೆಂಡಿನಲ್ಲಿ ಮೊದಲ ಪೆಟ್ಟು ಬಿತ್ತು. ಆಕೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆ ಕಾರಣಕ್ಕೆ ಡಾಕ್ಟರಿಕೆ ಕಲಿಯುವ ಆಸೆ ಬಿಡಬೇಕಾಯಿತು. ಆದರೂ ಮನೆಗೆ ತಿರುಗಲಿಲ್ಲ. ಚೆಲ್ಟನಮ್ ಎಂಬ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾನು ಇಂಗ್ಲಿಷ್, ಗಣಿತ, ವಿಜ್ಞಾನ ಕಲಿತಳು. ಅದೇ 1883ರ ಸೆಪ್ಟೆಂಬರಿನಲ್ಲಿ ಆಕೆ ಕ್ರೈಸ್ತ ಧರ್ಮಕ್ಕೆ ಸೇರಿದ್ದಳು. ಅದು ಆಕೆಯ ಸ್ವಂತ ನಿರ್ಧಾರ. ಅದರ ಬೆಲೆಯನ್ನು ಮುಂದೆ ಜನ್ಮಪೂರ್ತಿ ತೆತ್ತಳು.

ವರ್ಷಕ್ಕೊಂದು ಡಾಲರು

1886ರಲ್ಲಿ ಆಕೆಯ ದೂರದ ಸಂಬಂಧಿ ಆನಂದಿಬಾಯಿ ಜೋಶಿ ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಆದಳು. ಆ ಸಮಾರಂಭಕ್ಕೆ ಹೋದ ರಮಾಬಾಯಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದಳು. ಊರೂರು ತಿರುಗಿ ಭಾಷಣ ಮಾಡಿದಳು, ಚಿಕ್ಕ ಮಕ್ಕಳಿಗೆ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿ ಕಲಿತಳು. 1887ರಲ್ಲಿ ಭಾರತದ ಮೇಲ್ಜಾತಿಯ ಹೆಣ್ಣುಮಕ್ಕಳ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಳು. ವರ್ಷದೊಳಗೆ ಒಂಬತ್ತು ಸಾವಿರದಷ್ಟು ಪ್ರತಿ ಹೋದವು ಅಂತ ಆಕೆಯ ಚರಿತ್ರೆಕಾರರು ಬರೆಯುತ್ತಾರೆ.

ಆಕೆಯ ಯೋಜನೆ ಸ್ಪಷ್ಟ ಇತ್ತು. ಬಾಲವಿಧವೆಯರಿಗೆ ಒಂದು ಶಾಲೆ, ಅಲ್ಲಿ ಓದಿನ ಜೊತೆ ಕೆಲಸ. ಅದಕ್ಕೆ ಅಲ್ಲಿನ ಮಂದಿ ಬೋಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಶನ್ ಕಟ್ಟಿದರು. ಅದರ ಪದ್ಧತಿ ನೋಡ್ರಿ. ಊರೂರಲ್ಲಿ ಸಣ್ಣ ಸಣ್ಣ ಮಂಡಳಿ, ಒಬ್ಬೊಬ್ಬ ಸದಸ್ಯರು ವರ್ಷಕ್ಕೆ ಒಂದೊಂದು ಡಾಲರು, ಹತ್ತು ವರ್ಷದ ವಾಯದೆ. ಒಬ್ಬ ಸಾಹುಕಾರ ಒಮ್ಮೆ ಕೊಡುವ ದೊಡ್ಡ ಗಂಟಿಗಿಂತ ನೂರು ಮಂದಿ ತಪ್ಪದೆ ಕೊಡುವ ಚಿಲ್ಲರೆ ಭರವಸೆಯದು. ನಮ್ಮ ಬಚತ್ ಗಟದಲ್ಲಿ ತಿಂಗಳಿಗೆ ನೂರು ರೂಪಾಯಿ ಹಾಕುವ ಹೆಣ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾರದಾ ಸದನ, ಊರ ಬಾಯಿ

1889ರ ಫೆಬ್ರುವರಿಯಲ್ಲಿ ತಿರುಗಿ ಬಂದವಳು ಮಾರ್ಚ್ 11ಕ್ಕೆ ಮುಂಬಯಿಯಲ್ಲಿ ಶಾರದಾ ಸದನ ತೆರೆದಳು. ಶುರುವಿಗೆ ವಿದ್ಯಾರ್ಥಿನಿಯರು ಬೆರಳೆಣಿಕೆಯಷ್ಟು. ಅಲ್ಲಿಗೆ ಬಂದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಈಕೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಎನಿಸಿದಳು. ಹೆಂಗಸರ ವಿದ್ಯಾಪೀಠ ಕಟ್ಟಿದ ಮಹರ್ಷಿ ಕರ್ವೆಯವರ ಮನೆಯ ದೀಪ ಹತ್ತಿದ್ದು ಈ ಸದನದಿಂದ. ಅದೇ 1889ರ ಕೊನೆಗೆ ಮುಂಬಯಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಪ್ರತಿನಿಧಿಗಳಾಗಿ ಹೋದ ಕೆಲವೇ ಹೆಂಗಸರಲ್ಲಿ ರಮಾಬಾಯಿ ಒಬ್ಬಳು.

1890ರಲ್ಲಿ ಸದನ ಪುಣೆಗೆ ಬಂತು. ಅಲ್ಲಿ ತಕರಾರು ಎದ್ದಿತು. ಹುಡುಗಿಯರನ್ನು ಕ್ರೈಸ್ತ ಧರ್ಮಕ್ಕೆ ಸೆಳೆಯುತ್ತಾಳೆ ಎಂಬ ಆರೋಪ. ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಆಕೆಯ ವಾದ, ಯಾರಿಗೂ ಬಲವಂತ ಇಲ್ಲ, ನನ್ನ ಪ್ರಾರ್ಥನೆ ನನ್ನ ಕೋಣೆಯಲ್ಲಿ, ಬಾಗಿಲು ತೆರೆದಿರುತ್ತದೆ ಅಷ್ಟೇ ಎಂಬುದು. ಧರ್ಮದ ವಿಷಯದಲ್ಲಿ ಸದನ ಯಾವ ಕಡೆಗೂ ವಾಲಬಾರದು ಎಂಬ ನಂಬಿಕೆಯ ಮೇಲೆ ಬೆನ್ನಿಗೆ ನಿಂತಿದ್ದ ರಾನಡೆ, ಭಾಂಡಾರಕರ ಅವರಂಥ ಹಿರಿಯರೂ 1893ರಲ್ಲಿ ಸಲಹಾ ಮಂಡಳಿಯಿಂದ ಹೊರಬಂದರು. ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಇದರಲ್ಲಿ ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪಾಲಕರ ಭಯಕ್ಕೂ ಕಾರಣ ಇತ್ತು, ಆಕೆಯ ನಂಬಿಕೆಗೂ ಹಕ್ಕು ಇತ್ತು. ನಮಗೆ ಇಲ್ಲಿ ತಿಳಿಯಬೇಕಾದ್ದು ಇಷ್ಟು. ಮಂದಿಯ ವಿಶ್ವಾಸ ಕಳಕೊಂಡರೆ ಸಂಸ್ಥೆ ಅರ್ಧ ಖಾಲಿ ಆಗುತ್ತದೆ. ಅದು ಆಕೆಗೂ ಆಯಿತು. ಆದರೂ ಬಾಗಿಲು ಹಾಕಲಿಲ್ಲ. ಹೋದವರು ಹೋದ ಮೇಲೆ ಉಳಿದವರಿಗೆ ಪಾಠ ನಡೆಸಿದಳು.

ವಾಯದೆ ಮುಗಿಯುವ ಮುಂಚೆ ಹೊಲ

ಅಮೇರಿಕದ ಮಂದಿ ಹಣ ಕೊಡುವ ವಾಯದೆ ಹತ್ತು ವರ್ಷದ್ದು. ಹತ್ತು ವರ್ಷ ಅಂದರೆ ದೂರ ಇದೆ ಅಂತ ಕೂತಿರಬಹುದಿತ್ತು. ಎಷ್ಟೋ ಸಂಸ್ಥೆಗಳು ಹಾಗೆ ಕೂತು ಗ್ರಾಂಟು ನಿಂತ ದಿನ ಬಾಗಿಲು ಹಾಕಿದ್ದನ್ನು ನಾವೇ ನೋಡಿದ್ದೇವೆ. ರಮಾಬಾಯಿ ಹಾಗೆ ಕೂಡಲಿಲ್ಲ. ವಾಯದೆ ಮುಗಿಯುವುದಕ್ಕೆ ವರ್ಷಗಳು ಇರುವಾಗಲೇ ಕೇಡಗಾಂವದಲ್ಲಿ ಸುಮಾರು ನೂರು ಎಕರೆ ಭೂಮಿ ಹಿಡಿದಳು. ಭೂಮಿ ಬರಡು, ನೀರಿಲ್ಲ. ಆದರೆ ರೈಲು ಮಗ್ಗುಲಲ್ಲೇ. ಮಾಲು ಸಾಗಿಸಲು ಅನುಕೂಲ. ಬಾವಿ ತೋಡಿಸಿದಳು, ಮಾವು, ಕಿತ್ತಳೆ ಗಿಡ ಹಚ್ಚಿಸಿದಳು. ಹಣ್ಣಿನ ಆದಾಯದಿಂದ ಸದನ ತನ್ನ ಕಾಲಮೇಲೆ ನಿಲ್ಲಬೇಕು ಎಂಬುದು ಲೆಕ್ಕಾಚಾರ.

ರೈತರಿಗೆ ಗೊತ್ತು, ಮಾವಿನ ಸಸಿ ಇವತ್ತು ನೆಟ್ಟು ನಾಳೆ ಹಣ್ಣು ಕೇಳಿದರೆ ಕೊಡುವುದಿಲ್ಲ. ಫಲ ಬೇಕಾಗುವ ವರ್ಷ ಯಾವುದು ಅಂತ ಮೊದಲೇ ಎಣಿಸಿ ಹಿಂದಕ್ಕೆ ಲೆಕ್ಕ ಹಾಕಿ ನೆಡಬೇಕು. ಆಕೆ ಅದನ್ನೇ ಮಾಡಿದಳು.

ಆದರೆ ಗಿಡ ಫಲ ಕೊಡುವುದರೊಳಗೆ 1896-97ರ ಬರಗಾಲ ಬಂತು. ಮಧ್ಯಪ್ರಾಂತದಲ್ಲಿ ಹೆಣ್ಣುಮಕ್ಕಳು ದಾರಿ ಬದಿ ಬಿದ್ದಿದ್ದಾರೆ, ಕೆಟ್ಟ ಮಂದಿ ಅವರನ್ನು ಹೊತ್ತೊಯ್ಯುತ್ತಿದ್ದಾರೆ ಎಂಬ ಸುದ್ದಿ ಕೇಳಿದಾಗ ಆಕೆಗೆ ತನ್ನ ಹದಿನಾರನೆಯ ವರ್ಷ ಕಣ್ಣಮುಂದೆ ಬಂತು. ತಾನೇ ಹೋಗಿ ಮುನ್ನೂರರಷ್ಟು ಹುಡುಗಿಯರನ್ನು, ಹೆಂಗಸರನ್ನು ಕರೆತಂದಳು. ಪುಣೆಯಲ್ಲಿ ಆಗ ಪ್ಲೇಗು. ಅಷ್ಟು ಮಂದಿಯನ್ನು ನಗರದಲ್ಲಿ ಇಡುವಂತಿರಲಿಲ್ಲ. ಹೀಗಾಗಿ ಹಣ್ಣಿನ ತೋಟಕ್ಕೆಂದು ಹಿಡಿದ ಭೂಮಿಯೇ ಅವರ ಮನೆಯಾಯಿತು. ಮೊದಲು ತಟ್ಟಿಯ ಗುಡಿಸಲು, ಆಮೇಲೆ ಕಲ್ಲಿನ ಕಟ್ಟಡ. ಅದಕ್ಕೆ ಮುಕ್ತಿ ಸದನ ಅಂತ ಹೆಸರಾಯಿತು.

1899-1900ರಲ್ಲಿ ಇನ್ನೂ ದೊಡ್ಡ ಬರ. ಗುಜರಾತ, ರಾಜಪುತಾನ ಒಣಗಿದವು. ನಮ್ಮ ಮರಾಠವಾಡವೂ ಬಿಸಿ ಉಂಡಿತು. ಆಗ ಕೇಡಗಾಂವದ ಹೆಂಗಸರು ಮಕ್ಕಳ ಸಂಖ್ಯೆ ಒಂದೂವರೆ ಸಾವಿರ ದಾಟಿತು.

ಕೈಗೊಂದು ಕೆಲಸ

ಇಷ್ಟು ಮಂದಿಯನ್ನು ಬರೇ ಕೂಡಿಸಿ ಉಣಿಸಲಿಲ್ಲ. ಬೆಳಿಗ್ಗೆ ಎದ್ದರೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಹೊಲದಲ್ಲಿ ಬಿತ್ತನೆ, ಕಳೆ, ಕಾಯಿಪಲ್ಲೆ. ಕೊಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ದನ, ಅದರ ಹೈನು. ಎಣ್ಣೆಯ ಗಾಣ. ಮಗ್ಗ, ಹೊಲಿಗೆ, ಅರಿವೆ ಒಗೆಯುವುದು, ಬೆತ್ತ ಹೆಣೆಯುವುದು. ಓದು ಬಲ್ಲವರಿಗೆ ಶಿಕ್ಷಕಿಯ ತರಬೇತಿ. ಕಣ್ಣಿಲ್ಲದವರಿಗೆ ಬೇರೆ ಮನೆ. ಮಗಳು ಮನೋರಮಾ ಬ್ರೈಲ್ ಲಿಪಿ ಕಲಿತು ಬಂದು ಅವರಿಗೆ ಕಲಿಸಿದಳು. ಬೆರಳಿನಿಂದ ಓದುವ, ಅದೇ ಬೆರಳಿನಿಂದ ಬುಟ್ಟಿ ಹೆಣೆಯುವ ಹೆಂಗಸರನ್ನು ನೋಡಿ ಬಂದವರು ಬೆರಗಾಗುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಿನದು ಛಾಪಖಾನೆ. ಆ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸುವುದು ಗಂಡಸರ ಕಸುಬು. ಕೇಡಗಾಂವದಲ್ಲಿ ಮೊಳೆ ಜೋಡಿಸುವವರು, ಯಂತ್ರ ತಿರುಗಿಸುವವರು, ಪುಸ್ತಕ ಕಟ್ಟುವವರು ಎಲ್ಲ ಹೆಂಗಸರು. ಬರಗಾಲದಲ್ಲಿ ಅಕ್ಷರವೇ ಗೊತ್ತಿಲ್ಲದೆ ಬಂದ ಹುಡುಗಿಯರಲ್ಲಿ ಎಷ್ಟೋ ಮಂದಿ ಇಲ್ಲಿ ಕೆಲಸಗಾರರಾದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮಾಡಿದ ಬೈಬಲ್ಲಿನ ಮರಾಠಿ ಅನುವಾದ ಅಚ್ಚಾದದ್ದೂ ಈ ಕೈಗಳಿಂದಲೇ.

ಒಂದು ಖರೆ ಮಾತು ಹೇಳಬೇಕು. ಈ ಗಾಣ, ಮಗ್ಗ, ತೋಟದ ಆದಾಯದಿಂದ ಇಷ್ಟು ಮಂದಿಯ ಹೊಟ್ಟೆ ಪೂರ್ತಿ ತುಂಬಲಿಲ್ಲ. ದೇಶ ವಿದೇಶದ ದಾನ ಕೊನೆವರೆಗೂ ಬೇಕಾಯಿತು. ಮುಕ್ತಿಯ ಉದ್ಯೋಗಗಳನ್ನು ಬರೇ ಲಾಭದ ತಕ್ಕಡಿಯಲ್ಲಿ ತೂಗಿದರೆ ತಕ್ಕಡಿ ಮೇಲೇಳುತ್ತದೆ. ಆದರೆ ಆಕೆಗೆ ಗಾಣದಿಂದ ಎಣ್ಣೆ ಎಷ್ಟು ಮುಖ್ಯವೋ, ಗಾಣ ಹೂಡಲು ಬಲ್ಲ ಹೆಂಗಸು ಅದಕ್ಕಿಂತ ಮುಖ್ಯ. ಅಲ್ಲಿಂದ ಹೊರಗೆ ಹೋದವಳು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬಾರದು. ಆ ಲೆಕ್ಕದಲ್ಲಿ ತಕ್ಕಡಿ ಕೆಳಗೇ ಇಳಿಯುತ್ತದೆ.

ಗುಲಬರ್ಗಾದ ಶಾಲೆ

ನಮ್ಮ ಸೀಮೆಯ ಮಂದಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. ಆಗ ಉಮರ್ಗಾ, ನಿಲಂಗಾ, ಉದಗೀರ, ಬೀದರ, ಗುಲಬರ್ಗಾ ಎಲ್ಲವೂ ನಿಜಾಮನ ಹೈದರಾಬಾದ ಸಂಸ್ಥಾನದಲ್ಲಿದ್ದವು. ಹೆಣ್ಣುಮಕ್ಕಳ ಶಾಲೆ ಈ ಭಾಗದಲ್ಲಿ ಅಪರೂಪ. 1913ರ ಸುಮಾರಿಗೆ ರಮಾಬಾಯಿ ಗುಲಬರ್ಗಾದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿದಳು. ಅದನ್ನು ನಡೆಸಿದವಳು ಮನೋರಮಾ. ಇಂದಿನ ಕಲಬುರಗಿ ಅದು. ಬುಟ್ಟಿಯಲ್ಲಿ ಕೂತು ಕನ್ನಡ ನಾಡು ಬಿಟ್ಟ ಕೂಸು ಐವತ್ತು ವರ್ಷ ದಾಟಿದ ಮೇಲೆ ಇನ್ನೊಂದು ದಿಕ್ಕಿನಿಂದ ಅದೇ ಕನ್ನಡ ನಾಡಿಗೆ ಒಂದು ಶಾಲೆ ಕೊಟ್ಟಳು.

ಮನೋರಮಾ ತಾಯಿಯ ಬಲಗೈ. ಸಂಸ್ಥೆಯ ಭಾರ ಅವಳ ಕೈಗೆ ಹೋಗುವುದಿತ್ತು. ಆದರೆ 1921ರ ಜುಲೈಯಲ್ಲಿ ನಲವತ್ತನೆಯ ವಯಸ್ಸಿಗೆ ಮಗಳೇ ಮೊದಲು ತೀರಿಕೊಂಡಳು. ಅನುವಾದದ ಕೆಲಸ ಇನ್ನೂ ಇತ್ತು. ತಾಯಿ ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದಳು. ಬುಟ್ಟಿಯ ಕೂಸಿಗೆ ಆಗ ಅರವತ್ನಾಲ್ಕು ತುಂಬಲು ಹದಿನೆಂಟು ದಿನ ಕಮ್ಮಿ. 1919ರಲ್ಲಿ ಬ್ರಿಟಿಷ್ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತ್ತು. 1989ರಲ್ಲಿ ಭಾರತ ಸರಕಾರ ಆಕೆಯ ಅಂಚೆಚೀಟಿ ಹೊರಡಿಸಿತು. ಕೇಡಗಾಂವದ ಮುಕ್ತಿ ಸಂಸ್ಥೆ ಈಗಲೂ ಇದೆ.

ನಮ್ಮ ಕಿರ್ದಿ ಪುಸ್ತಕಕ್ಕೆ

ಸಾಸ್ತೂರದವರಿಗೆ ಆಸ್ತಿ ಅಂದರೆ ಏನು, ಅದು ಎಷ್ಟು ಹೊತ್ತಿನಲ್ಲಿ ಹೋಗುತ್ತದೆ ಅಂತ ಯಾರೂ ಕಲಿಸಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪ ಆದಾಗ ಕಲ್ಲು ಮಣ್ಣಿನ ದೊಡ್ಡ ದೊಡ್ಡ ವಾಡೆಗಳೇ ಮಲಗಿದವರ ಮೇಲೆ ಬಿದ್ದವು. ಕಿಲ್ಲಾರಿ, ಸಾಸ್ತೂರ ಸುತ್ತಿನ ಊರುಗಳಲ್ಲಿ ಸಾವಿರಾರು ಮಂದಿ ಹೋದರು. ಆಮೇಲೆ ಮನೆ ಕಟ್ಟುವ ಕಾಲದಲ್ಲಿ ಊರೂರಿನ ಹೆಣ್ಣುಮಕ್ಕಳು ಸಂವಾದ ಸಹಾಯಕರಾಗಿ ಸರಕಾರಕ್ಕೂ ಊರಿಗೂ ನಡುವೆ ನಿಂತರು. ಅಲ್ಲಿಯವರೆಗೆ ಹೊಸ್ತಿಲು ದಾಟದವರು ಸಿಮೆಂಟು, ಕಬ್ಬಿಣದ ಲೆಕ್ಕ ಕೇಳಿದರು. ಅದೇ ಹೆಣ್ಣುಮಕ್ಕಳು ಮುಂದೆ ಉಳಿತಾಯದ ಗುಂಪು ಕಟ್ಟಿದರು. ಅಳುವುದನ್ನು ಬಿಟ್ಟು ಕೆಲಸ ಹಿಡಿಯುವುದು ಹ್ಯಾಂಗ ಎಂಬುದು ಈ ಸೀಮೆಗೆ ಗೊತ್ತಿದೆ. ರಮಾಬಾಯಿಯ ಬದುಕಿನಿಂದ ಅದಕ್ಕೆ ನಾಲ್ಕು ಮಾತು ಕೂಡಿಸಬಹುದು.

ಮೊದಲನೆಯದು, ಓದಿನ ಜೊತೆ ಕಸುಬು. ಮಗಳಿಗೆ ಡಿಗ್ರಿ ಆಯಿತು, ಇನ್ನು ಮದುವೆ ಒಂದೇ ಬಾಕಿ ಅನ್ನುವ ಮನೆಗಳು ಅನಂತಶಾಸ್ತ್ರಿಗಳ ಮನೆ ನೆನೆಯಬೇಕು. ಕಷ್ಟ ಬಂದ ದಿನ ರೊಕ್ಕ ತರುವ ಕೆಲಸ ಒಂದಾದರೂ ಕೈಯಲ್ಲಿರಬೇಕು. ಯಾವ ಕೆಲಸಕ್ಕೂ ಮನೆತನದ ಅಭಿಮಾನ ಅಡ್ಡ ಬರಬಾರದು.

ಎರಡನೆಯದು, ಇದ್ದದ್ದರಿಂದ ಶುರು. ರಮಾಬಾಯಿಗೆ ಬರವಣಿಗೆ ಬರುತ್ತಿತ್ತು, ಅದನ್ನೇ ಮಾರಿದಳು. ನಿಮಗೆ ಚಟ್ನಿ ಬರುತ್ತದೋ, ಕೌದಿ ಹೊಲಿಗೆ ಬರುತ್ತದೋ, ಎಮ್ಮೆ ಕಟ್ಟಲು ಬರುತ್ತದೋ, ಅದೇ ಬಂಡವಾಳ. ಬೇರೆಯವರು ಮಾಡಿದರು ಅಂತ ಗೊತ್ತಿಲ್ಲದ ಧಂದೆಗೆ ಸಾಲ ತೆಗೆಯುವುದು ಬ್ಯಾಡ. ಎರಡು ಭಾಷೆ ಬರುವುದೂ ಬಂಡವಾಳವೇ. ಉಮರ್ಗಾದಲ್ಲಿ ಮರಾಠಿಯಲ್ಲಿ ಕೊಂಡು ಬಸವಕಲ್ಯಾಣದಲ್ಲಿ ಕನ್ನಡದಲ್ಲಿ ಮಾರಬಲ್ಲವಳಿಗೆ ಎರಡು ಬಾಜಾರ.

ಮೂರನೆಯದು, ನೆರವು ನಿಲ್ಲುವ ಮುಂಚೆ ಗಿಡ ನೆಡುವುದು. ಸಬ್ಸಿಡಿ, ಅನುದಾನ, ಬ್ಯಾಂಕಿನ ಸಾಲ ಬಂದ ದಿನವೇ ಅದು ಯಾವಾಗ ಮುಗಿಯುತ್ತದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಬಂದ ದುಡ್ಡನ್ನು ಎರಡು ಕಾಲಮ್ಮಿನಲ್ಲಿ ಬರೆಯಬೇಕು. ದುಡಿದದ್ದು ಒಂದು ಕಡೆ, ಕೊಟ್ಟದ್ದು ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಲಾಭ ಅಂದರೆ ಅದು ನಮಗೆ ನಾವೇ ಹೇಳಿಕೊಂಡ ಸುಳ್ಳು.

ನಾಲ್ಕನೆಯದು, ಒಬ್ಬರ ಮೇಲೇ ಎಲ್ಲ ಭಾರ ಇಡಬಾರದು. ರಮಾಬಾಯಿ ಮಗಳನ್ನು ತಯಾರು ಮಾಡಿದ್ದಳು, ಸಾವು ಅವಳನ್ನೇ ಒಯ್ದಿತು. ಆದರೂ ಸಂಸ್ಥೆ ಉಳಿಯಿತು, ಯಾಕಂದರ ಗಾಣ, ಮಗ್ಗ, ಮೊಳೆ, ಪಾಠ ಬಲ್ಲ ಕೈಗಳು ನೂರಾರು ಇದ್ದವು. ಗಟದಲ್ಲಿ ಅಧ್ಯಕ್ಷೆಗೆ ಮಾತ್ರ ಬ್ಯಾಂಕಿನ ವ್ಯವಹಾರ ಗೊತ್ತು, ಉಳಿದವರು ಬರೇ ಸಹಿ ಹಾಕುತ್ತಾರೆ ಅನ್ನುವುದಾದರೆ ಅದು ಗಟ ಅಲ್ಲ, ಒಬ್ಬಳ ಅಂಗಡಿ.

ಮನೆಯ ಗಂಡಸರಿಗೂ ಒಂದು ಮಾತು. ಅನಂತಶಾಸ್ತ್ರಿಗಳ ಕಿರ್ದಿಯಲ್ಲಿ ಎಲ್ಲವೂ ತಪ್ಪಿತ್ತು. ಗದ್ದೆ ಹೋಯಿತು, ಮನೆ ಹೋಯಿತು, ಜೀವವೂ ಹೋಯಿತು. ಆದರೆ ಊರಿಗೆ ಊರೇ ಎದುರು ನಿಂತಾಗ ಹೆಂಡತಿಗೆ ಅಕ್ಷರ ಕಲಿಸಿದರಲ್ಲ, ಆ ಒಂದು ಜಮಾ ಮಾತ್ರ ಸರಿ ಇತ್ತು. ಆ ತಾಯಿ ಮಗಳಿಗೆ ಕಲಿಸಿದಳು, ಮಗಳು ಸಾವಿರ ಮಂದಿಗೆ ಕಲಿಸಿದಳು. ನಮ್ಮ ನಮ್ಮ ಮನೆಯ ಪುಸ್ತಕದಲ್ಲಿ ಅಂಥ ಒಂದು ಜಮಾ ಇದೆಯೋ ಇಲ್ಲವೋ, ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ತೆರೆದು ನೋಡಿಕೊಳ್ಳೋಣ.